ಸಾಕ್ಷಿಯ ಸಹಿ

ಹೆಸರಿಡುವ ಮೊದಲೇ ಗರ್ಭಸ್ಥ ಜೀವವನ್ನು ತನ್ನದೆಂದು ಕಾಯುವ, ಅದಕ್ಕಾಗಿ ಯಾರಲ್ಲಿಯೂ ಶುಲ್ಕ ಕೇಳದ ಪರಮಾತ್ಮನಿಗೆ ವಂದಿಸಿ ಈ ಕಥೆಯನ್ನು ಆರಂಭಿಸುತ್ತೇನೆ.

ನ್ಯಾಯಾಲಯದ ಎದುರಿನ ಕಿರುಕೋಣೆಯಲ್ಲಿ ಬೆರಳಚ್ಚುಗಾರನೊಬ್ಬನಿದ್ದ. ಇಪ್ಪತ್ತೆರಡು ವರ್ಷಗಳಿಂದ ಪರರ ಅರ್ಜಿ, ಕರಾರುಗಳನ್ನು ಟೈಪು ಮಾಡಿ, ಕೆಳಗೆ ಸಾಕ್ಷಿಯೆಂದು ಸಹಿ ಹಾಕುವುದು ಅವನ ವೃತ್ತಿ. ಓದುವ ಅಭ್ಯಾಸ ಮಾತ್ರ ಇರಲಿಲ್ಲ. ಕಣ್ಣು ಕಂಡ ಅಕ್ಷರ ನೇರವಾಗಿ ಬೆರಳಿಗಿಳಿಯುತ್ತಿತ್ತು; ನಡುದಾರಿಯಲ್ಲಿ ಬುದ್ಧಿಯ ಮನೆ ಸಿಕ್ಕರೂ ಒಳಹೊಕ್ಕು ಕುಶಲ ವಿಚಾರಿಸುತ್ತಿರಲಿಲ್ಲ.

ಆ ಬೆಳಗ್ಗೆ ಅವನು ಗಡ್ಡ ಹೆರೆದುಕೊಳ್ಳುತ್ತಿದ್ದಾಗ ತಂಗಿ ಮಾತು ತೆಗೆದಳು. ಗಂಡ ಬಿಟ್ಟುಹೋದ ಮೇಲೆ ಹೊಲಿಗೆ ನೆಚ್ಚಿಕೊಂಡು, ಆರು ವರ್ಷದ ಮಗಳೊಡನೆ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿದ್ದವಳು. ಹಣ ಪಡೆದು ಪರರ ಮಗುವನ್ನು ಹೊತ್ತು ಹೆತ್ತುಕೊಡಲು ಕಾನೂನಿನ ಸಮ್ಮತಿ ದೊರೆಯಲಿದೆಯೆಂಬ ಸುದ್ದಿಯಿತ್ತು. ದೊರೆತರೆ ಬೇಕರಿ ನಡೆಸುವ ಮಕ್ಕಳಿಲ್ಲದ ದಂಪತಿಗಾಗಿ ಹೊರುವೆನೆಂದೂ, ಬಂದ ಹಣದಲ್ಲಿ ಸ್ವಂತ ಅಂಗಡಿ ತೆರೆಯುವೆನೆಂದೂ ಹೇಳಿದಳು. ಆಸ್ಪತ್ರೆಯಲ್ಲಿ ಹೆಸರು ನೋಂದಾಯಿಸಲು ಒಪ್ಪಿಗೆ ಪತ್ರಕ್ಕೆ ಮನೆಯ ಹಿರಿಯರೊಬ್ಬರ ಸಾಕ್ಷಿ ಬೇಕು; ಅಂದು ಐದು ಗಂಟೆಯೇ ಗಡುವು.

ಅಣ್ಣನ ಗಲ್ಲ ಕೊಯ್ದುಹೋಯಿತು.

"ಮಧ್ಯಾಹ್ನ ವಕೀಲರ ಸಂಘದಲ್ಲಿ ಇದರ ಮೇಲೇ ಚರ್ಚೆ ಇದೆ ಕಣಮ್ಮ. ಯಾರು ಗೆಲ್ತಾರೋ ನೋಡ್ಕೊಂಡು ಹೇಳ್ತೀನಿ."

"ಹೊಟ್ಟೆ ನಂದು, ತೀರ್ಪು ವಕೀಲರದಾ?" ಎಂದಳು ತಂಗಿ.

ಗಲ್ಲದ ಪಟ್ಟಿಯ ಕಾರಣ ಕೇಳಿದವರಿಗೆಲ್ಲ ಅವನು ಸಂಗತಿಯನ್ನೂ ಹೇಳಿಬಿಟ್ಟ. ತಾಯ್ತನವನ್ನು ತಕ್ಕಡಿಗೆ ಹಾಕುವುದು ಮಹಾಪಾಪವೆಂದ ಜೆರಾಕ್ಸ್ ಅಂಗಡಿಯವನು. ದುಡಿದ ಮೈಗೆ ಕೂಲಿ ಬೇಡವೇ ಎಂದಳು ಚಹಾದಂಗಡಿಯ ಅಕ್ಕ. ಅವನ ತಲೆ ಮೇಜಿನ ಫ್ಯಾನಿನಂತೆ ಅತ್ತಿತ್ತ ತಿರುಗುತ್ತ ಇಬ್ಬರಿಗೂ ಸಮನಾಗಿ ಗಾಳಿ ಬೀಸಿತು.

ಅಷ್ಟರಲ್ಲಿ ಜನ ನೆರೆದರು. ಮಸಿ ಮೆತ್ತಿದ ಕೈ, ಉಂಗುರದ ಕೈ, ಬೆರಳಿಗೆ ಬಟ್ಟೆ ಸುತ್ತಿದ ಕೈ, ಹೀಗೆ ಕೈಗಳು ಒಂದೊಂದಾಗಿ ಕರಡು ಚಾಚಿದವು. ಅವನು ತಲೆಯೆತ್ತದೆ ಟೈಪು ಮಾಡಿದ, ಸಹಿ ಹಾಕಿದ. "ಶುಲ್ಕ ಡಬ್ಬಿಗೆ ಹಾಕಿ. ಮುಂದಿನವರು."

ಚರ್ಚೆಯಲ್ಲಿ ಹಿರಿಯ ವಕೀಲರು, ಕದ್ದುಮುಚ್ಚಿ ನಡೆಯುವುದಕ್ಕೆ ಕಾನೂನಿನ ಕಾವಲಿದ್ದರೆ ಹೆರುವವಳಿಗೇ ಕ್ಷೇಮವೆಂದರು. ಅವನು ಚಪ್ಪಾಳೆ ತಟ್ಟಿದ. ವಕೀಲೆಯೊಬ್ಬರು ಎದ್ದು, "ಉಳ್ಳವಳೊಬ್ಬಳು ಬಡವಿಗೋಸ್ಕರ ಹೊತ್ತದ್ದನ್ನ ಯಾರಾದ್ರೂ ನೋಡಿದ್ದೀರಾ?" ಎಂದು ಕೇಳಿದರು. ಅವನು ಇನ್ನೂ ಜೋರಾಗಿ ತಟ್ಟಿದ.

"ಎರಡೂ ಭಾಷಣ ಟೈಪ್ ಮಾಡಿದ್ದು ನೀವೇ ಅಲ್ವಾ?" ಎಂದ ಪಕ್ಕದಲ್ಲಿದ್ದ ಜೆರಾಕ್ಸಿನವನು. "ಈಗ ಮೊದಲ್ನೇ ಸಲ ಕೇಳೋರ ಹಾಗೆ ಬಾಯಿ ಬಿಟ್ಕೊಂಡಿದ್ದೀರಿ."

ವಿಷಯ ಗಹನವೆಂದು ಅಧ್ಯಕ್ಷರು ಸಭೆಯನ್ನು ಮುಂದೂಡಿದರು. ಗೆದ್ದವರಿಲ್ಲ. ಆದರೆ ಆ ಪ್ರಶ್ನೆ ಅವನನ್ನು ಬಿಡಲಿಲ್ಲ. ಉಳ್ಳವಳಾಗಿದ್ದರೆ ತಂಗಿ ಇದಕ್ಕೆ ಒಪ್ಪುತ್ತಿದ್ದಳೇ? ಜನ್ಮದಲ್ಲಿ ಮೊದಲ ಬಾರಿಗೆ ಸ್ವಂತ ಅಭಿಪ್ರಾಯವೊಂದು ಹುಟ್ಟಿತು. ಅದು ತಣ್ಣಗಾಗುವ ಮುನ್ನವೇ ಮನೆಗೆ ಓಡಿದ. ಇನ್ನೂ ನಾಲ್ಕೂವರೆ.

"ಬೇಡಮ್ಮ. ಬಡತನಕ್ಕೆ ಹೆದರಿ ನೀನು ಇದನ್ನ ಮಾಡಬೇಡ. ಮುಂದಿನ ಕೋಣೆ ನಿಂಗೇ ಬಿಟ್ಕೊಡ್ತೀನಿ, ಅಲ್ಲೇ ಅಂಗಡಿ ಹಾಕು. ನಾನು ಸಹಿ ಹಾಕಲ್ಲ."

ತಂಗಿ ನೀರಿನ ಲೋಟ ಚಾಚಿದಳು. ಸೂಜಿ ಚುಚ್ಚಿದ ಬೆರಳಿಗೆ ಬಟ್ಟೆ ಸುತ್ತಿತ್ತು.

"ಬೆಳಗ್ಗೇನೇ ಹಾಕಿದ್ದೀಯಲ್ಲ ಅಣ್ಣ. ಓದಿ ಬೇಡ ಅಂದ್ರೆ ಬಿಟ್ಟುಬಿಡೋಣ ಅಂತ ಎದುರಿಗೇ ನಿಂತಿದ್ದೆ. ನೀನು ಶುಲ್ಕ ಡಬ್ಬಿಗೆ ಹಾಕಿ ಅಂದೆ. ಹಾಕಿ, ಪತ್ರ ಆಸ್ಪತ್ರೆಗೆ ಕೊಟ್ಟು ಬಂದೆ."

"ಓದಲೇ ಇಲ್ಲ ಅಂತ ಈಗಲೇ ಹೋಗಿ ಹೇಳ್ತೀನಿ."

"ಹೇಳು. ಆಮೇಲೆ ಇಪ್ಪತ್ತೆರಡು ವರ್ಷದ ಸಹಿಗಳನ್ನಾದ್ರೂ ಓದಿ ಹಾಕಿದ್ದಾ ಅಂತ ಕೇಳ್ತಾರೆ."

ಅವನು ಲೋಟದಲ್ಲೇ ಮುಖ ಮುಚ್ಚಿಕೊಂಡ.

"ಕೋಣೆ ಬಿಟ್ಕೊಡ್ತೀನಿ ಅಂದ್ಯಲ್ಲ," ಎಂದಳು ತಂಗಿ ಮೃದುವಾಗಿ, "ಅದಕ್ಕೂ ಒಂದು ಪತ್ರ ಟೈಪ್ ಮಾಡ್ಕೊಡು. ಈ ಸಲ ಓದ್ಕೊಂಡು ಮಾಡು."

ಹೊತ್ತವರಿಗೆ ಬಲವನ್ನೂ, ಹಂಬಲಿಸಿದವರಿಗೆ ತುಂಬಿದ ಮಡಿಲನ್ನೂ, ಸಹಿ ಹಾಕುವವರಿಗೆ ಕಣ್ಣನ್ನೂ ದೇವರು ಕರುಣಿಸಲಿ. ಕೇಳಿದ ನಿಮಗೆಲ್ಲರಿಗೂ ಮಂಗಳವಾಗಲಿ.