ಮಹಡಿಯ ಮೇಲಿನ ಮುತ್ತೈದೆಯರು

"ಈ ಸಲ ಚಳಿಗೆ ಒಂದೇ ಒಂದು ಎಲಿ ನಡುಗಿದ್ರೂ ನನ್ನ ಹೆಸರು ಭೀಮಾಶಂಕರ ಅಲ್ಲ!"

ಡಿಸೆಂಬರ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಜೀವನ್ ಬಿಮಾ ನಗರದ ಬಾಡಿಗೆ ಮನೆಯ ಮಹಡಿ ಮೇಲೆ ನಿಂತು ಭೀಮಾಶಂಕರ ಹೀಗೆ ಘರ್ಜಿಸಿದ. ಕೇಳಿಸಿಕೊಂಡವರು ಇಬ್ಬರೇ: ಹೆಂಡತಿ ರೇವತಿ ಮತ್ತು ಒಂದು ಕಾಗೆ. ಕಾಗೆ ಹಾರಿಹೋಯಿತು. ರೇವತಿಗೆ ಆ ಸೌಲಭ್ಯ ಇರಲಿಲ್ಲ.

ಕಲಬುರಗಿಯ ಬಿಸಿಲಲ್ಲಿ ಬೆಂದು ಬೆಳೆದ ಭೀಮಾಶಂಕರನಿಗೆ ಬೆಂಗಳೂರಿನ ಚಳಿ ಎಂದರೆ ಯಮನ ಖಾಸಾ ತಂಗಿ. ಹೋದ ವರ್ಷ ಮಹಡಿ ಮೇಲಿನ ಕುಂಡದಲ್ಲಿ ಅವನ ಆಂಥೂರಿಯಂ ಹೂಗಿಡದ ಎಲೆ ಕಪ್ಪಾಗಿ, ವೀಳ್ಯದೆಲೆ ಬಳ್ಳಿ ಮುದುರಿಕೊಂಡಿತ್ತು. ಈ ವರ್ಷ ಕೆನಡಾದ ಯಾರೋ ಮಹಾತಾಯಿಯ ವಿಡಿಯೊ ನೋಡಿ ಅವನಿಗೆ ಜ್ಞಾನೋದಯವಾಗಿತ್ತು: ಹಿಮ ಬೀಳುವ ಮುನ್ನ ಎಳೆಯ ಗಿಡಗಳಿಗೆ ಬಟ್ಟೆ ಹೊದಿಸಬೇಕು!

"ಈ ಊರಾಗ ಹಿಮ ಫ್ರಿಜ್ಜಿನಾಗ ಬಿಟ್ಟು ಬ್ಯಾರೆ ಎಲ್ಲಿ ಬಿದ್ದದ್ರಿ?" ಎಂದಳು ರೇವತಿ.

"ನಿನಗ ಗಿಡದ ಭಾಷೆ ತಿಳಿಯಂಗಿಲ್ಲ. ನೋಡು, ಆಂಥೂರಿಯಂ ಹ್ಯಾಂಗ ನಡುಗ್ಲಕತ್ತದ!"

"ಅದು ನಡುಗೋದು ನಿಮ್ಮ ಮಾತು ಕೇಳಿ."

ಹತ್ತನೇ ಕ್ಲಾಸಿನ ಮಗಳನ್ನು ಟ್ಯೂಷನ್ನಿಗೆ ಬಿಡಲು ರೇವತಿ ಹೊರಟಿದ್ದೇ ತಡ, ಭೀಮಾಶಂಕರ ಕಾರ್ಯಾಚರಣೆಗೆ ಇಳಿದ. ಹಳೆಯ ಬೆಡ್‌ಶೀಟುಗಳು ಎರಡೇ ಕುಂಡಕ್ಕೆ ಮುಗಿದವು. ಕೈ ತಾನಾಗಿ ರೇವತಿಯ ಸೀರೆಗಳಿದ್ದ ಬೀರುವಿನ ಕಡೆಗೆ ಹೋಯಿತು. ಬಟ್ಟೆ ಎಲೆಗೆ ತಾಗಬಾರದೆಂದು ಪ್ರತಿ ಕುಂಡಕ್ಕೂ ಒಂದು ಕೋಲು ನೆಟ್ಟ. ಕೋಲಿನ ತುದಿ ಸೀರೆ ಹರಿಯಬಾರದೆಂದು ಅದರ ಮೇಲೊಂದು ಪುಟ್ಟ ಕುಂಡ ಬೋರಲು ಹಾಕಿದ. ಸುತ್ತ ಸೀರೆ ಸುತ್ತಿ, ಗಾಳಿ ನುಗ್ಗದಂತೆ ತಲೆಯ ಮೇಲೆ ಸೆರಗು ಹೊದಿಸಿ ಪಿನ್ನು ಚುಚ್ಚಿದ. ಆಂಥೂರಿಯಂ ಗಣ್ಯ ವ್ಯಕ್ತಿಯಾದ್ದರಿಂದ ಅದಕ್ಕೆ ಇಳಕಲ್ ಸೀರೆ!

ಎದುರು ಮನೆಯ ಅಮೃತಮ್ಮನವರ ಕನ್ನಡಕ ರಿಪೇರಿಗೆ ಹೋಗಿತ್ತು. ಕುತೂಹಲ ಮಾತ್ರ ಮನೆಯಲ್ಲೇ ಇತ್ತು. ಬಾಲ್ಕನಿಗೆ ಬಂದವರು ಕಣ್ಣು ಕಿರಿದು ಮಾಡಿ ನೋಡಿ, ತಕ್ಷಣ ಮನೆ ಓನರ್ ಮಂಜುಳಮ್ಮನಿಗೆ ಫೋನ್ ಮಾಡಿದರು.

"ನಿಮ್ಮ ಬಾಡಿಗೆಯವರ ಮಹಡಿ ತುಂಬಾ ಹೆಂಗಸರು ಕೂತವ್ರೆ! ಒಳ್ಳೊಳ್ಳೆ ಸೀರೆ, ತಲೆ ಮೇಲೆ ಸೆರಗು! ಗಂಡ ಬಗ್ಗಿ ಬಗ್ಗಿ ಉಪಚಾರ ಮಾಡ್ತಾವ್ನೆ. ರೇವತಿ ಕಾಣ್ತಿಲ್ಲ, ಒಳಗೆ ಅಲಂಕಾರ ಮಾಡ್ಕೊಳ್ತಿರ್ಬೇಕು. ಇದು ಸೀಮಂತನೇ ಕಣ್ರೀ!"

"ಈ ವಯಸ್ಸಲ್ಲಾ?"

"ಅದಕ್ಕೇ ಗುಟ್ಟಾಗಿ ಮಾಡ್ತಿರೋದು! ನಮ್ಮನ್ನ ಕರೀಲಿಲ್ಲ ಅಂದ್ರೇನು, ನಾವೇ ಹೋಗೋಣ."

ಹೊಸಬಳೆಂಬ ಹಣೆಪಟ್ಟಿ ಕಳಚಿ ರಸ್ತೆಯ ಹೆಂಗಸರ ಸ್ನೇಹ ಸಂಪಾದಿಸಲು ರೇವತಿ ಪಟ್ಟ ಪಾಡು ಅಷ್ಟಿಷ್ಟಲ್ಲ. ಅವಳು ವಾಪಸ್ ಬಂದಾಗ ಅದೇ ಹೆಂಗಸರು ತಟ್ಟೆಯಲ್ಲಿ ಮಡಿಲಕ್ಕಿ, ಹಸಿರು ಬಳೆ, ಮಲ್ಲಿಗೆ ಹಿಡಿದು, ಮೂತಿ ಊದಿಸಿಕೊಂಡು ಗೇಟಿನಲ್ಲಿ ನಿಂತಿದ್ದರು.

"ಎಷ್ಟನೇ ತಿಂಗಳಮ್ಮಾ?" ಎಂದರು ಅಮೃತಮ್ಮ, ಗಡುಸಾಗಿ.

ರೇವತಿ ಕಕ್ಕಾಬಿಕ್ಕಿ. "ಡಿಸೆಂಬರ್ ಅಲ್ರಿ? ಹನ್ನೆರಡನೇದು."

"ಹನ್ನೆರಡಾ!" ಅಮೃತಮ್ಮ ಗೇಟು ಹಿಡಿದುಕೊಂಡರು.

ಎಲ್ಲರೂ ದಡಬಡ ಮೇಲೆ ಹತ್ತಿದರು. ಸೆರಗು ಹೊದ್ದ ಅತಿಥಿಗಳು ಯಾರೂ ತಿರುಗಿ ನೋಡಲಿಲ್ಲ. ಮಂಜುಳಮ್ಮ ಒಬ್ಬಳ ಸೆರಗು ಸರಿಸಿದರು. ಒಳಗಿಂದ ಬಿಸಿ ಉಗಿ ಬಂತು!

"ಅಯ್ಯೋ, ಇವು ಗಿಡಗಳು ಕಣ್ರೀ! ಬಿಸಿಲಿಗೆ ಬೆಂದು ಬಸ್ಸಾರಿನ ಸೊಪ್ಪಾಗವೆ!"

"ನನ್ನ ಇಳಕಲ್ ಸೀರಿ!" ರೇವತಿ ಚೀರಿದಳು. ಸೀರೆಯ ಅಂಚಿಗೆ ಗೊಬ್ಬರದ ಹೊಸ ಕಸೂತಿ ಬಿದ್ದಿತ್ತು. ಭೀಮಾಶಂಕರ ನೀರಿನ ಟ್ಯಾಂಕಿನ ಹಿಂದೆ ಸರಿಯುತ್ತಿದ್ದ.

ವಿಷಯ ತಿಳಿದು ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ನಗು ಮುಗಿದ ಮೇಲೆ ಅಮೃತಮ್ಮ ತಟ್ಟೆ ನೋಡಿಕೊಂಡು ಗಂಭೀರರಾದರು. "ಮಡಿಲು ತುಂಬೋಕೆ ತಂದಿದ್ದನ್ನ ಹಂಗೇ ವಾಪಸ್ ತಗೊಂಡು ಹೋಗಂಗಿಲ್ಲ. ಯಾರಾದ್ರೂ ಕೂರ್ಲೇಬೇಕು."

ರೇವತಿ ಗಂಡನನ್ನು ನೋಡಿದಳು. ಅವಳ ಮುಖದಲ್ಲಿ ಒಂದು ನಗು ನಿಧಾನವಾಗಿ ಅರಳಿತು. ಭೀಮಾಶಂಕರನಿಗೆ ನಿಜವಾದ ಚಳಿ ಶುರುವಾಯಿತು.

"ಇವರನ್ನೇ ಕೂರಿಸ್ರೀ. ಈ ಕೂಸುಗಳ ಸಂಕಟ ಎಲ್ಲಾ ಇವರ ಹೊಟ್ಟಿಯೊಳಗೇ ಅದ."

ಮರುಕ್ಷಣ ಅವನು ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದ. ತಲೆಯ ಮೇಲೆ ಇಳಕಲ್ ಸೆರಗು, ಕಿವಿಯ ಮೇಲೆ ಮಲ್ಲಿಗೆ, ಬೆರಳ ಗೆಣ್ಣಿಗೆ ಸಿಕ್ಕಿಕೊಂಡ ಹಸಿರು ಬಳೆ. ಮಂಜುಳಮ್ಮ ರಾಗವಾಗಿ ಆರತಿ ಎತ್ತಿದರು.

"ಏನಮ್ಮಾ ನಿನ್ನ ಬಯಕೆ?" ಎಂದರು ಅಮೃತಮ್ಮ.

"ಕೆಳಗ... ಕೆಳಗ ಹೋಗಬೇಕು ಅಷ್ಟೇರಿ," ಎಂದ ಭೀಮಾಶಂಕರ, ಕ್ಷೀಣ ದನಿಯಲ್ಲಿ.

ರೇವತಿ ಅವನ ಭುಜ ಹಿಡಿದು ಕೂರಿಸಿದಳು. "ತುಂಬಿದ ಬಸರಿ, ಮೆಟ್ಟಿಲು ಇಳಿಯಬಾರದ್ರೀ!"