ಪಡಸಾಲೆಯ ದಾಲ್ ಸರೋವರ

ನಮ್ಮ ಕಾಕಾ ಇಡೀ ಹಿಂದೂಸ್ತಾನ ತಿರುಗಿ ಬಂದವರು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅವರ ಮನೆಗೆ ಹೋಗಿಬಂದವರ ಹಣೆಯ ಮೇಲೆ ಎದ್ದ ಬುಗುಟೆಯೇ ಸಾಕಾಗಿತ್ತು.

ಎಪ್ಪತ್ತರ ದಶಕದಲ್ಲಿ ಅವರು ಸಿಂದಗಿಯಿಂದ ತೊಗರಿ ಹೇರಿಕೊಂಡು ದೂರದೂರಿಗೆ ಲಾರಿ ಓಡಿಸುತ್ತಿದ್ದರು. ಉಳಿದ ಡ್ರೈವರುಗಳು ಹೆಂಡತಿಗೆ ಸೀರೆ, ಬಳೆ ತಂದರೆ ಕಾಕಾ ಆ ಸೀಮೆಯ ಮನೆಯನ್ನೇ ತರುತ್ತಿದ್ದರು. ಕೇರಳಕ್ಕೆ ಹೋಗಿ ಬಂದವರು ಅಡುಗೆಮನೆಯೊಳಗೆ ಹೆಂಚಿನ ಇಳಿಜಾರು ಮಾಡು ಹಾಕಿಸಿದರು. ಮೇಲೆ ಗಟ್ಟಿಮುಟ್ಟಾದ ಮಣ್ಣಿನ ಮಾಳಿಗೆ ಇದ್ದೇ ಇತ್ತು. ಅದರ ಕೆಳಗೆ, ಒಲೆಯ ನೆತ್ತಿಗೆ, ಇನ್ನೊಂದು ಮಾಡು. ಯಾವ ಮಳೆಗೆ ಎಂದು ಯಾರು ಕೇಳಬೇಕು?

ರಾಜಸ್ಥಾನದಿಂದ ಬಂದ ವಾರವೇ ತಲಬಾಗಿಲನ್ನು ಎದೆಮಟ್ಟಕ್ಕೆ ಇಳಿಸಿದರು.

"ವೈರಿ ತಲಿ ಬಗ್ಗಿಸಿ ಬರ್ಲಿ ಅಂತ ಅಲ್ಲಿ ಹಿಂಗ ಮಾಡ್ತಾರ," ಎಂದರು.

"ನಮ್ಮನಿಗೆ ಯಾವ ವೈರಿ ಬರ್ತಾನ್ರಿ? ಹಾಲು ಹಾಕಾವ ಬರ್ತಾನ," ಎಂದಳು ಅವರ ಹೆಂಡತಿ, ನಮ್ಮ ಕಾಕು.

ಕಾಶ್ಮೀರದಿಂದ ಬಂದ ಮೇಲೆ ಪಡಸಾಲೆಯ ಮಂಚದ ಸುತ್ತ ಕಾಲುವೆ ತೋಡಿ ನೀರು ತುಂಬಿಸಿದರು. ಅದು ದಾಲ್ ಸರೋವರವಂತೆ, ಮಂಚವೇ ದೋಣಿಮನೆಯಂತೆ. ಆ ತಗ್ಗು ಬಾಗಿಲಲ್ಲಿ ಬಗ್ಗದೆ ಬಂದದ್ದು ಪಕ್ಕದ ಮನೆಯ ಆಡೊಂದೇ. ಅದು ಅರ್ಧ ಸರೋವರ ಕುಡಿದು ಹೋಯಿತು.

ಹೀಗಿರುವಾಗ ಕಾಕಾನ ಮಗಳನ್ನು ನೋಡಲು ಮುದ್ದೇಬಿಹಾಳದಿಂದ ಗಂಡಿನ ಕಡೆಯವರು ಬಂದರು. ಅದು ಮೂರನೆಯ ಸಂಬಂಧ. ಮೊದಲಿನ ಎರಡೂ ಬಾಗಿಲಲ್ಲೇ ಮುರಿದಿದ್ದವು. ಈ ಸಲ ಹುಡುಗನ ತಂದೆ ಆರಡಿಯ ಆಳು. ಧಡ್ ಎಂದು ಸದ್ದಾಯಿತು. ರುಮಾಲು ಉರುಳಿ ಸರೋವರಕ್ಕೆ ಬಿತ್ತು.

"ನಡೀರಿ, ಹೋಗೂಣು," ಎಂದು ಆತ ಹಣೆ ಹಿಡಿದುಕೊಂಡು ತಿರುಗಿದ. ಕಾಕುವಿನ ಮುಖ ಬಿಳಿಚಿತು.

ಆದರೆ ಆತನ ಹೆಂಡತಿ ಆಗಲೇ ಮಂಚದ ಮೇಲೆ ಕೂತು ನೀರಿನಲ್ಲಿ ಕಾಲು ಇಳಿಬಿಟ್ಟಿದ್ದಳು. ಹೊರಗೆ ಕೆಂಡದಂಥ ಬಿಸಿಲು.

"ನೀವ ಹೋಗ್ರಿ. ನಾ ಹೊತ್ತ ಮುಣಗಿದ ಮ್ಯಾಲ ಬರ್ತೇನಿ."

ಸಂಜೆಯವರೆಗೆ ಆತನೂ ಕೂತ ಮೇಲೆ ಮಾತುಕತೆ ಆಗದೆ ಇರುತ್ತದೆಯೆ? ಮದುವೆ ನಿಶ್ಚಯವಾಯಿತು.

ಅವರು ಹೋದ ಮೇಲೆ ನಾನು ಕೇಳಿದೆ: "ಕಾಕಾ, ಇನ್ನರೆ ಬಿಡ್ರಿ. ಯಾಕ ಬೇಕ್ರಿ ಇದೆಲ್ಲಾ?"

ಕಾಕು ಒಳಗೆ ಪಾತ್ರೆ ತೊಳೆಯುತ್ತಿರುವುದನ್ನು ಕಾಕಾ ಖಾತ್ರಿ ಮಾಡಿಕೊಂಡರು.

"ನಿಮ್ಮ ಕಾಕುಗ ಗಾಡಿ ಹತ್ತಿದ್ರ ವಾಂತಿ ಆಗ್ತೈತಿ. ಇಲ್ಲೇ ಇರೂ ದೇವರ ಹಿಪ್ಪರಗಿ ಸುದ್ದಾ ದಾಟಿಲ್ಲ ಆಕಿ. ಅಷ್ಟ ಚೆಂದ ಚೆಂದ ಊರು, ನಾ ಒಬ್ಬನ ನೋಡಾಕ ಮನಸ್ಸ ಆಗೂದಿಲ್ಲಪಾ."

ಆಮೇಲೆ ನನ್ನ ಕಡೆ ಬಾಗಿ, "ಮುಂದಿನ ವಾರ ಮದ್ರಾಸಿಗೆ ಹೊಂಟೇನಿ. ಸಮುದ್ರ ಹೆಂಗ ತರೂದು?" ಎಂದರು.

ಇಬ್ಬರೂ ಕಟ್ಟೆಯ ಮೇಲೆ ಕೂತು ವಿಚಾರ ಮಾಡತೊಡಗಿದೆವು.