ಅತ್ತೆಮ್ಮನ ಮೂಗು

ಮೂಗಿನ ಕಾರಣಕ್ಕೆ ನಮ್ಮ ಮನೆಯಲ್ಲಿ ಆದಷ್ಟು ಪಜೀತಿ ಇನ್ನೊಂದು ಮನೆಯಲ್ಲಿ ಆಗಿರಲಿಕ್ಕಿಲ್ಲ. ಮೂಗು ನಮ್ಮ ಅತ್ತೆಮ್ಮನದು. ಪಾಮನಕಲ್ಲೂರಿನವರು, ಈಗ ಸಿಂಧನೂರಿನಲ್ಲಿ ಮಗ, ಸೊಸೆ, ಮೊಮ್ಮಗಳ ಜೊತೆ ಇದ್ದಾರೆ. ಆ ಸೊಸೆ ನಾನೇ.

ಬಾಗಿಲಲ್ಲೇ ತಪಾಸಣೆ

ನಮ್ಮ ಮನೆಯವರಿಗೆ ಡಾಕ್ಟರು ಕರಿದದ್ದು ತಿನ್ನಬೇಡಿ ಅಂದಿದ್ದರು. ಒಂದು ಸಂಜೆ ಗೊರೇಬಾಳದಲ್ಲಿ ಮಿರ್ಚಿ ಭಜಿ ತಿಂದು, ಬಾಯಿ ತೊಳೆದು, ಏಲಕ್ಕಿ ಜಗಿಯುತ್ತಾ ಬಂದರು. ಅತ್ತೆಮ್ಮ ಬಾಗಿಲಲ್ಲೇ ತಡೆದರು.

"ಮಿರ್ಚಿ ತಿಂದಿ, ಇರ್ಲಿ. ನಿನ್ನಿ ಎಣ್ಣ್ಯಾಗ ಕರದದ್ದು ಯಾಕ ತಿಂದಿ?"

ಮರುದಿನವೇ ಇವರು ಹೊಸ ಎಣ್ಣೆಯಲ್ಲಿ ಕರಿಯುವ ಅಂಗಡಿ ಹುಡುಕಿಕೊಂಡರು.

ಹಾಲು ಸೀದ ದಿನ

ಆಮೇಲೆ ಅತ್ತೆಮ್ಮನಿಗೆ ಒಂದು ಕೆಟ್ಟ ಜ್ವರ ಬಂದು ಹೋಯಿತು. ಅದಾದ ಕೆಲವು ದಿನಕ್ಕೆ ನಾನು ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಾಗ ಹಾಲು ಸೀದ ವಾಸನೆ. ಓಡಿ ಬಂದರೆ ಒಲೆಯ ಪಕ್ಕದಲ್ಲೇ ಕೂತು ಅತ್ತೆಮ್ಮ ಆರಾಮಾಗಿ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಾರೆ! ಕೇಳಿದರೆ ಸೊಪ್ಪು ಕೆಳಗಿಟ್ಟು ಅಂದರು:

"ಜ್ವರ ಹೋಗುಮುಂದ ಮೂಗನ್ನೂ ಕರಕೊಂಡು ಹೋಗೈತವ್ವ. ಕೂಸಿನ ತಲಿ ಮೂಸಿದ್ರೂ ಏನೂ ಗೊತ್ತಾಗವಲ್ದು."

ಅಂದು ಮಾತ್ರ ಅತ್ತರು. ಮರುದಿನ ಅಡುಗೆಮನೆಗೆ ಬಂದು, ಒಗ್ಗರಣೆಯ ಚಟಪಟ ಕೇಳಿಯೇ ಹದ ಹೇಳತೊಡಗಿದರು. ಇದೇ ಸಮಯ ಅಂತ ನಮ್ಮ ಮನೆಯವರು ಮಿರ್ಚಿ ತಿಂದು ಬಂದು ಧೈರ್ಯವಾಗಿ ಅವರ ಪಕ್ಕದಲ್ಲೇ ಕೂತರು.

ಅತ್ತೆಮ್ಮ ತಲೆ ಎತ್ತದೆ ಅಂದರು: "ಮೂಗಷ್ಟ ಹೋಗೈತಿ, ಕಣ್ಣು ಅದಾವ. ಮೀಸಿಗೆ ಹತ್ತಿದ ಎಣ್ಣಿ ಒರಸ್ಕೋ."

ಮೂಗಿನ ವ್ರತ

ಲಿಂಗಸುಗೂರಿನ ಡಾಕ್ಟರು, ದಿನಾ ಎರಡು ಹೊತ್ತು ಲವಂಗ, ನಿಂಬೆಹಣ್ಣು ಮೂಸಿ, ಹಳೆಯ ವಾಸನೆ ನೆನಪು ಮಾಡಿಕೊಳ್ಳಿ ಅಂದರು. ಅತ್ತೆಮ್ಮ ಒಂದು ಹೊತ್ತೂ ತಪ್ಪಿಸಲಿಲ್ಲ. ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತು ಮೂಸುವುದು ನೋಡಿ ಎದುರುಮನೆಯಾಕೆ ಇದೇನು ವ್ರತ ಅಂತ ಕೇಳಿದರು. "ಮೂಗಿನ ವ್ರತ" ಅಂದರು ಇವರು. ವಾರದೊಳಗೆ ಓಣಿಯ ಹೆಂಗಸರೆಲ್ಲ ನಿಂಬೆಹಣ್ಣು ಹಿಡಿದು ಕಟ್ಟೆಗೆ ಬಂದರು. ಅತ್ತೆಮ್ಮನಿಗೆ ಯಾವ ವಾಸನೆಯೂ ಬರಲಿಲ್ಲ. ಎದುರುಮನೆಯಾಕೆಯ ಮೊಣಕಾಲು ನೋವು ಮಾತ್ರ ಕಡಿಮೆಯಾಯಿತಂತೆ.

ಮಸ್ಕಿಯಲ್ಲಿ ಹತ್ತಿದವರು

ತಿಂಗಳುಗಳು ಕಳೆದವು. ಮತ್ತೊಮ್ಮೆ ಡಾಕ್ಟರಿಗೆ ತೋರಿಸಿ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆವು. ಮಸ್ಕಿಯಲ್ಲಿ ಒಬ್ಬರು ಹತ್ತಿ, ನಮ್ಮ ಪಕ್ಕದ ಸೀಟಿನಲ್ಲಿ ಕೂತು ಬೂಟು ಬಿಚ್ಚಿದರು. ಬಸ್ಸಿನವರೆಲ್ಲ ಮೂಗಿಗೆ ಸೆರಗು, ಟವೆಲ್ಲು ಹಿಡಿದರು. ಅತ್ತೆಮ್ಮ ಗಟ್ಟಿಯಾಗಿ ನನ್ನ ಕೈ ಹಿಡಿದರು. ಕಣ್ಣಲ್ಲಿ ನೀರು.

"ಏನೋ ನಾರಾಕತ್ತೈತವ್ವ. ನನಗ ವಾಸನಿ ಬರಾಕತ್ತೈತಿ."

ಆ ಮನುಷ್ಯ ನಾಚಿಕೊಂಡು ಬೂಟಿಗೆ ಕೈ ಹಾಕಿದರು. ಅತ್ತೆಮ್ಮ ತಡೆದರು. "ಹಾಕ್ಕೋಬ್ಯಾಡೋ ತಮ್ಮಾ. ಸಿಂಧನೂರು ಬರೂತನಕ ಹಂಗ ಇರ್ಲಿ." ಆಮೇಲೆ ತಮ್ಮ ಮೂಗಿನ ಕಥೆಯನ್ನೆಲ್ಲ ಹೇಳಿ, ನಿನ್ನ ಸಾಕ್ಸು ತಣ್ಣಗಿರಲಿ ಅಂತ ಹರಸಿದರು.

ಆತ ಉಬ್ಬಿಹೋದರು. ತಮ್ಮ ಹೆಂಡತಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ಈಕೆಗೂ ಒಂದು ಮಾತು ಹೇಳ್ರಿ ಅಂತ ಅತ್ತೆಮ್ಮನ ಕೈಗೆ ಕೊಟ್ಟರು. ಅತ್ತೆಮ್ಮ ಆತನನ್ನೂ ಆತನ ಸಾಕ್ಸನ್ನೂ ಬಾಯ್ತುಂಬ ಹೊಗಳಿದರು. ಆ ಕಡೆಯಿಂದ ಹೆಂಡತಿಯ ದನಿ ಬಂತು:

"ಅಷ್ಟು ಚೊಲೋ ಅನಿಸಿದ್ರ ಅವರನ್ನ ಇವತ್ತೊಂದಿನ ನಿಮ್ಮ ಮನ್ಯಾಗ ಇಟ್ಕೊಳ್ರಿ, ಅತ್ತಿ. ನಾ ಕಿಟಕಿ ಮುಚ್ಚಿ ಮಲಗಿ ಭಾಳ ದಿನ ಆತು."